ಸ್ಪ್ರಿಂಗ್ ತಿರುಗಿಸುವ ಡಾಕ್ಟ್ರಮ್ಮ

ತೀರ್ಥಹಳ್ಳಿಯಲ್ಲಿ ನಡೆದ ನಿವೃತ್ತಿ ಬೀಳ್ಕೊಡುಗೆಯಲ್ಲಿ ಮಾತಾಡಿದವರೆಲ್ಲ ನಮ್ಮ ಡಾಕ್ಟ್ರಮ್ಮನನ್ನು ‘ಸರಳ ವ್ಯಕ್ತಿ’ ಎಂದರು. ಒಬ್ಬರಾದ ಮೇಲೆ ಒಬ್ಬರು ಎದ್ದು ಅದನ್ನೇ ಹೇಳಿ, ಹಾರ ಹಾಕಿ, ಫೋಟೋ ತೆಗೆಸಿಕೊಂಡು ಕೂತರು. ಹಿಂದಿನ ಸಾಲಿನಲ್ಲಿದ್ದ ನನಗೆ ಮೈ ಉರಿಯಿತು. ಅವರ ಬೈಕಿನ ಹಿಂದೆ ಕೂತು ಒಂದು ದಿನ ಹಳ್ಳಿ ಸುತ್ತಿದ್ದರೆ ಇವರಾರೂ ಆ ಮಾತು ಆಡುತ್ತಿರಲಿಲ್ಲ. ನಾನು ವರ್ಷಗಟ್ಟಲೆ ಕೂತವನು. ಅಷ್ಟು ಹಟದ, ಅಷ್ಟು ತಾಳ್ಮೆ ಕೆಡಿಸುವ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಅವರು ದನಗಳ ಡಾಕ್ಟರು. ಹೊಸನಗರ ತಾಲ್ಲೂಕಿನ ನಮ್ಮ ಪಶು ಆಸ್ಪತ್ರೆಗೆ ವರ್ಗವಾಗಿ ಬಂದಾಗ ನಾನು ಅಲ್ಲಿ ಇನ್ಸ್‌ಪೆಕ್ಟರ್. ಹೆಸರು ದೊಡ್ಡದು, ಕೆಲಸ ಮಾತ್ರ ಡಾಕ್ಟರ ಜೊತೆ ಹೋಗಿ ಇಂಜೆಕ್ಷನ್ ಕೊಡುವುದು, ಲಸಿಕೆ ಹಾಕುವುದು, ದನ ಕರು ಹಾಕಲು ಕಷ್ಟಪಡುವಾಗ ಹಗ್ಗ ಹಿಡಿದು ಎಳೆಯುವುದು. ಊರಿನವರು ಅವರನ್ನು ಡಾಕ್ಟ್ರಮ್ಮ ಎನ್ನುತ್ತಿದ್ದರು. ನನಗೆ ಅವರು ಮೇಡಂ, ಅವರಿಗೆ ನಾನು ಇನ್ಸ್‌ಪೆಕ್ಟ್ರು.

ತುಮರಿ ಕಡೆಯವರು. ಈಗೇನೋ ಅಲ್ಲಿಗೆ ಸೇತುವೆಯಾಗಿದೆ. ಆಗ ಲಾಂಚಿನಲ್ಲಿ ಹಿನ್ನೀರು ದಾಟದೆ ಸಾಗರಕ್ಕೂ ಬರಲಾಗುತ್ತಿರಲಿಲ್ಲ. ಅಣ್ಣನ ಬೈಕನ್ನು ಲಾಂಚಿಗೆ ಹತ್ತಿಸುತ್ತ ಇಳಿಸುತ್ತಲೇ ಓಡಿಸುವುದನ್ನು ಕಲಿತರಂತೆ. ಆಳು ಗಿಡ್ಡ, ಮೈಯಲ್ಲಿ ತೂಕವಿಲ್ಲ. ಇಂಥವರು ಇಟ್ಟುಕೊಂಡಿದ್ದದ್ದು ಎತ್ತರದ ಗಂಡಸರು ಓಡಿಸುವಂಥ ಬೈಕು. ಸ್ಕೂಟಿ ತೆಗೆದುಕೊಳ್ಳಿ ಎಂದು ಹೇಳದವರಿಲ್ಲ. ನಮ್ಮ ಹಳ್ಳಿ ರಸ್ತೆಗಳಲ್ಲಿ ಸ್ಕೂಟಿಯ ಪುಟ್ಟ ಚಕ್ರ ಹೊಂಡಕ್ಕಿಳಿದರೆ ಮೇಲೆ ಬರುವುದಿಲ್ಲ ಎಂಬುದು ಅವರ ಉತ್ತರ. ಅದು ನಿಜವೂ ಹೌದು. ನನ್ನ ಸ್ಕೂಟರು ಅದೇ ಕಾರಣಕ್ಕೆ ಆಸ್ಪತ್ರೆಯ ಶೆಡ್ಡಿನಲ್ಲಿ ನಿಂತಿರುತ್ತಿತ್ತು, ನಾನು ಅವರ ಹಿಂದೆ ಕೂರುತ್ತಿದ್ದೆ.

ತೊಂದರೆ ಶುರುವಾಗುತ್ತಿದ್ದದ್ದೇ ಅಲ್ಲಿ. ಬೈಕಿನ ಹಿಂದಿನ ಚಕ್ರದ ಎರಡೂ ಬದಿಗೆ ಶಾಕ್ ಅಬ್ಸಾರ್ಬರ್ ಇರುತ್ತದಲ್ಲ, ಅದರ ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಚ್ಚು ಇರುವ ಒಂದು ಬಳೆ. ಕೊಕ್ಕೆಯಂಥ ಸ್ಪ್ಯಾನರ್ ಸಿಕ್ಕಿಸಿ ತಿರುಗಿಸಿದರೆ ಸ್ಪ್ರಿಂಗ್ ಬಿಗಿಯಾಗಿ ಗಾಡಿ ಎತ್ತರ ನಿಲ್ಲುತ್ತದೆ, ಸಡಿಲ ಬಿಟ್ಟರೆ ತಗ್ಗಿ ಕೂರುತ್ತದೆ. ಹೆಚ್ಚಿನವರು ಗಾಡಿ ಕೊಂಡಾಗಿನಿಂದ ಮಾರುವವರೆಗೆ ಅದರ ಕಡೆ ಕಣ್ಣು ಹಾಯಿಸುವುದಿಲ್ಲ. ಡಾಕ್ಟ್ರಮ್ಮ ದಿನವೂ ತಿರುಗಿಸುತ್ತಿದ್ದರು. ಒಬ್ಬರೇ ಹೋಗುವಾಗ ಪೂರ್ತಿ ಸಡಿಲ, ಆಗ ಮಾತ್ರ ಅವರ ಕಾಲಿನ ತುದಿಬೆರಳು ನೆಲಕ್ಕೆ ಸಿಗುತ್ತಿತ್ತು. ನಾನು ದಪ್ಪ ಆಸಾಮಿ, ಮಡಿಲಲ್ಲಿ ಔಷಧಿ ಪೆಟ್ಟಿಗೆ ಬೇರೆ. ನಾನು ಹತ್ತಿದರೆ ಗಾಡಿಯ ಹಿಂಭಾಗ ಕುಸಿದು, ಹೊಂಡ ಬಂದಲ್ಲೆಲ್ಲ ತಳ ಹೊಡೆಯುತ್ತಿತ್ತು. ಹಾಗಾಗಿ ಬಿಗಿ ಮಾಡಬೇಕು. ನಾನು ಇಳಿದು ಅವರು ಬೇರೆ ಕಡೆ ಹೊರಟರೆ ಮತ್ತೆ ಸಡಿಲ ಮಾಡಬೇಕು. ಎರಡೂ ಬದಿಯ ಬಳೆ ಒಂದೇ ಕಚ್ಚಿನಲ್ಲಿ ಕೂರಬೇಕು, ಒಂದು ಬದಿಗೆ ಕಾದ ಸೈಲೆನ್ಸರ್ ಅಡ್ಡ. ಅವರ ಬಲಗೈ ಮಣಿಕಟ್ಟಿನಲ್ಲಿ ಸುಟ್ಟ ಕಲೆ ಮಾಯುವುದರೊಳಗೆ ಇನ್ನೊಂದು ಬಂದಿರುತ್ತಿತ್ತು. ರಸ್ತೆ ಬದಿ ಕುಕ್ಕರುಗಾಲಲ್ಲಿ ಕೂತು ಹಲ್ಲು ಕಚ್ಚಿ ತಿರುಗಿಸುತ್ತಿದ್ದ ಅವರನ್ನು, ಪೆಟ್ಟಿಗೆ ಹಿಡಿದು ಬಿಸಿಲಲ್ಲಿ ನಿಂತ ನನ್ನನ್ನು ನೋಡಿ ಬಸ್ಸಿನವರು ಹಾರ್ನ್ ಹೊಡೆದು ಹೋಗುತ್ತಿದ್ದರು.

ಮೊದಲ ತಿಂಗಳೇ ನಾನು ಕೇಳಿದ್ದೆ, ನಡುವೆ ಎಲ್ಲೋ ಒಂದು ಕಡೆ ಇಟ್ಟುಬಿಡಬಾರದೇ ಎಂದು. ನಡುವೆ ಇಟ್ಟರೆ ನನಗೆ ಕಾಲು ನೆಲಕ್ಕೆ ಸಿಗುವುದಿಲ್ಲ, ನಿಮಗೆ ಸೊಂಟ ಉಳಿಯುವುದಿಲ್ಲ, ಇಬ್ಬರಿಗೂ ಆಗದ್ದನ್ನು ಯಾಕೆ ಇಡಬೇಕು ಎಂದರು. ವಾದ ಮಾಡಿ ಗೆಲ್ಲುವ ಹಾಗಿರಲಿಲ್ಲ.

ತಮ್ಮ ಗಾಡಿಯೊಂದಕ್ಕೇ ಹೀಗೆ ಮಾಡಿದ್ದರೆ ಸಹಿಸಬಹುದಿತ್ತು. ರಿಪ್ಪನ್‌ಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿಯಲು ನಿಂತರೆ ಅವರ ಕಣ್ಣು ಹೋಗಿ ಬರುವ ಬೈಕುಗಳ ಹಿಂದಿನ ಚಕ್ರದ ಮೇಲೆ. ಯಾರು ಕುಳಿತಾಗ ಗಾಡಿ ಎಷ್ಟು ತಗ್ಗಿತು, ಹೊಂಡ ಹಾರಿ ಎಷ್ಟು ಸಲ ಕುಣಿಯಿತು ಎಂದು ನೋಡುತ್ತ ಟೀ ಆರಿಸುತ್ತಿದ್ದರು. ಕುಂದಾಪುರದ ಕಡೆಯಿಂದ ಘಾಟಿ ಹತ್ತಿ ಬೈಕಿನಲ್ಲಿ ಮೀನು ತರುವವನೊಬ್ಬನಿದ್ದ. ಹಿಂದೆ ಐಸಿನ ದೊಡ್ಡ ಪೆಟ್ಟಿಗೆ, ಭಾರಕ್ಕೆ ಹೆಡ್‌ಲೈಟು ಮರದ ತುದಿ ನೋಡುತ್ತಿತ್ತು. ನಗರ ಎಂಬ ಊರಿನ ಹತ್ತಿರ ಅವನನ್ನು ಡಾಕ್ಟ್ರಮ್ಮ ಕೈ ಅಡ್ಡ ಹಾಕಿ ನಿಲ್ಲಿಸಿದರು. ಪೊಲೀಸರ ಪೈಕಿ ಇರಬೇಕೆಂದು ಆ ಮನುಷ್ಯ ಹೆದರಿ ಲೈಸೆನ್ಸ್ ತೆಗೆದ. ಇವರು ಪೆಟ್ಟಿಗೆ ಇಳಿಸಿ, ಸ್ಪ್ರಿಂಗ್ ಬಿಗಿ ಮಾಡಿ, ಪೆಟ್ಟಿಗೆ ಏರಿಸಿ, ಈಗ ಓಡಿಸಿ ನೋಡಿ ಎಂದು ಕಳಿಸಿದರು. ಮರುವಾರ ಅವನು ಆಸ್ಪತ್ರೆಗೇ ಬಂದು ಬಾಳೆಲೆಯಲ್ಲಿ ಸುತ್ತಿದ ಬಂಗುಡೆ ಕೊಟ್ಟ. ಡಾಕ್ಟ್ರಮ್ಮ ಮೀನು ಮುಟ್ಟದ ಮನೆಯವರು. ಬೇಡ ಎಂದರೆ ಅವನ ಮನಸ್ಸಿಗೆ ನೋವು ಎಂದುಕೊಂಡು ಎರಡು ಬೆರಳಲ್ಲಿ ಹಿಡಿದು ತಂದು ನನ್ನ ಮೇಜಿನ ಮೇಲಿಟ್ಟರು. ಇವರಿಂದ ನನಗೆ ಆದ ಉಪಕಾರ ಅಂತ ಲೆಕ್ಕ ಹಾಕಿದರೆ ಮೊದಲು ನೆನಪಾಗುವುದು ಆ ಬಂಗುಡೆಯೇ.

ಒಮ್ಮೆ ನನ್ನ ಒತ್ತಾಯಕ್ಕೆ ಮಣಿದು ಬಿಗಿ ಮಾಡದೆ ಹೊರಟಿದ್ದರು. ಸಂಪೇಕಟ್ಟೆ ಕಡೆಯ ಒಂದು ತಿರುವಿನಲ್ಲಿ ಹೊಂಡ ಸಿಕ್ಕಿ, ಹಿಂದಿನ ಚಕ್ರ ತಳ ಹೊಡೆದು ಎಗರಿ, ಇಬ್ಬರೂ ಬಿದ್ದೆವು. ನನ್ನ ಭುಜ ಊದಿತು, ಅವರ ಮೊಣಕಾಲು ಒಡೆದು ರಕ್ತ ಸುರಿಯಿತು. ಅದೇ ಹೊತ್ತಿಗೆ ಅವರ ತಾಯಿಯ ಫೋನು. ರಕ್ತ ಒರೆಸಿಕೊಳ್ಳುತ್ತಲೇ “ಎಂತ ಇಲ್ಲೆ, ಅರಾಮಿದ್ದಿ” ಎಂದು ಮನೆಮಾತಿನಲ್ಲಿ, ಏನೂ ಆಗಿಲ್ಲವೆಂಬಂತೆ, ಹೇಳಿ ಇಟ್ಟರು. ಬಿದ್ದದ್ದು ಹೊಂಡದಿಂದ ಎಂದು ನಾನು, ಸ್ಪ್ರಿಂಗಿನಿಂದ ಎಂದು ಅವರು. ಆ ಜಗಳ ಮುಗಿಯಲೇ ಇಲ್ಲ. ಆಮೇಲೆ ಮಾತ್ರ ಅವರು ಯಾರ ಅವಸರಕ್ಕೂ ಜಗ್ಗಲಿಲ್ಲ.

ಸಾಗರದಲ್ಲಿ ಅವರು ಗಾಡಿ ಸರ್ವೀಸಿಗೆ ಬಿಡುತ್ತಿದ್ದ ಒಂದು ವರ್ಕ್‌ಶಾಪ್ ಇತ್ತು. ಬಿಡುವಾಗಲೆಲ್ಲ ಹೇಳುವರು, ಹಿಂದಿನ ಬಳೆ ಮುಟ್ಟಬೇಡಿ ಎಂದು. ವಾಪಸು ಬರುವಾಗ ಅದು ಸರಿಯಾಗಿ ನಡು ಕಚ್ಚಿನಲ್ಲಿ ಕೂತಿರುತ್ತಿತ್ತು. ಕೇಳಿದರೆ, ಅದು ಕಂಪನಿ ಸೆಟ್ಟಿಂಗು ಮೇಡಂ, ಎಲ್ಲರಿಗೂ ಅದೇ ಸರಿ ಎನ್ನುವರು. ಆ ಎಲ್ಲರ ತೂಕ ಎಷ್ಟು ಎಂದು ಇವರು ಒಮ್ಮೆ ಕೇಳಿದರು. ಅಲ್ಲಿದ್ದವರು ತಮಾಷೆ ಎಂದುಕೊಂಡು ನಕ್ಕರು. ಇವರಿಗೆ ನಿಜವಾಗಿಯೂ ಆ ಅಂಕಿ ಬೇಕಿತ್ತು. ಪೂರ್ತಿ ಸಡಿಲ ಬಿಟ್ಟರೂ ತಮ್ಮ ತೂಕಕ್ಕೆ ಆ ಸ್ಪ್ರಿಂಗು ಗಟ್ಟಿಯೇ ಎಂಬುದು ಅವರಿಗೆ ಗೊತ್ತಿತ್ತು. ಬಳೆ ತಿರುಗಿಸಿದರೆ ಸ್ಪ್ರಿಂಗು ಮೆದುವಾಗುವುದಿಲ್ಲ, ಗಾಡಿ ಎಷ್ಟು ತಗ್ಗುತ್ತದೆ ಎಂಬುದು ಮಾತ್ರ ಬದಲಾಗುತ್ತದೆ ಎಂದು ನನಗೂ ಹತ್ತಾರು ಸಲ ಹೇಳಿದ್ದರು. ಮೆದು ಸ್ಪ್ರಿಂಗ್ ಹಾಕಿಕೊಡಿ ಎಂದರೆ ವರ್ಕ್‌ಶಾಪಿನವರು, ಹಾಗೆಲ್ಲ ಹಾಕಲು ಬರುವುದಿಲ್ಲ ಎಂದು ಬೆನ್ನು ತಿರುಗಿಸುತ್ತಿದ್ದರು. ಹೀಗೆ ಜಲ್ಲಿ ರಸ್ತೆಯಲ್ಲಿ ಕುಲುಕಿ ಕುಲುಕಿ ಸಂಜೆ ಹೊತ್ತಿಗೆ ಅವರು ಕುರ್ಚಿಯಿಂದ ಏಳುವಾಗ ಮೇಜು ಹಿಡಿದು ಏಳುವ ಹಾಗಾಯಿತು.

ಒಂದು ಬೇಸಿಗೆಯಲ್ಲಿ ನಡೆದದ್ದನ್ನು ಹೇಳಬೇಕು. ನನ್ನನ್ನು ಕಾಲುಬಾಯಿ ಜ್ವರದ ಲಸಿಕೆಗೆ ಒಂದು ಊರಲ್ಲಿ ಬಿಟ್ಟು ಅವರು ಬೇರೆ ಕಡೆ ಹೋಗಿದ್ದರು. ಮಧ್ಯಾಹ್ನ ಫೋನು ಬಂತು. ನಗರದಿಂದ ಒಳಗೆ ಒಂದು ಹಳ್ಳಿಯಲ್ಲಿ ಒಬ್ಬ ವಿಧವೆಯ ಹಸು ಬೆಳಿಗ್ಗೆಯಿಂದ ಕರು ಹಾಕಲಾರದೆ ಒದ್ದಾಡುತ್ತಿದೆ. ಆಕೆಗೆ ಇದ್ದದ್ದು ಅದೊಂದೇ ಹಸು, ಡೇರಿಗೆ ಹಾಕುವ ಹಾಲಿನಲ್ಲೇ ಮನೆ ನಡೆಯಬೇಕು. ಡಾಕ್ಟ್ರಮ್ಮ ಬಂದರು, ನಾನು ಪೆಟ್ಟಿಗೆ ಹಿಡಿದು ಹತ್ತಲು ಹೋದೆ. ಅವರು ಇಳಿದು ಸ್ಪ್ಯಾನರ್ ತೆಗೆದರು.

ನನಗೆ ತಡೆಯಲಾಗಲಿಲ್ಲ. “ಅಲ್ಲಿ ದನ ಸಾಯ್ತಾ ಇದೆ ಮೇಡಂ. ಇಲ್ಲಿ ಸ್ಪ್ರಿಂಗ್ ತಿರುಗಿಸ್ತಾ ಕೂತ್ರೆ ಜನ ಏನಂತಾರೆ?”

ಅವರು ತಲೆ ಎತ್ತಲಿಲ್ಲ. “ನಾವು ದಾರೀಲಿ ಬಿದ್ರೆ ಆ ದನಕ್ಕೆ ಬೇರೆ ಯಾರಿದಾರೆ ಹೇಳಿ. ಸ್ವಲ್ಪ ಗಾಡಿ ಹಿಡ್ಕೊಳ್ಳಿ.”

ಹಿಡಿದುಕೊಂಡೆ. ಬೈದುಕೊಂಡೇ ಹಿಡಿದುಕೊಂಡೆ. ನನ್ನ ಆ ಸಿಟ್ಟು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಅದೇ ಹೊತ್ತಿಗೆ ಹೊಸನಗರದ ಬಸ್ಸೊಂದು ಹಾದುಹೋಯಿತು.

ನಾವು ಹೋಗುವಾಗ ಹಸು ಮಲಗಿಬಿಟ್ಟಿತ್ತು. ಆಕೆ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಡಾಕ್ಟ್ರಮ್ಮ ಕೊಟ್ಟಿಗೆಯ ನೆಲದಲ್ಲಿ ಅಡ್ಡ ಮಲಗಿ ಭುಜದವರೆಗೆ ಕೈ ಹಾಕಿ ನೋಡಿದರು. ಕರುವಿನ ತಲೆ ಹಿಂದಕ್ಕೆ ಹೊರಳಿತ್ತು. ಹಸುವಿಗೆ ಅಂಥ ಹೊತ್ತಿನಲ್ಲಿ ದೊಡ್ಡ ಕೈ ಹಿಂಸೆ, ಅವರ ಸಣ್ಣ ಕೈ ಎಲ್ಲಿಗೆ ಬೇಕೋ ಅಲ್ಲಿಗೆ ಹೋಗುತ್ತಿತ್ತು. ಬಹಳ ಹೊತ್ತು ಹೆಣಗಾಡಿ ತಲೆಯನ್ನು ನೇರ ಮಾಡಿ ಹಗ್ಗ ಕಟ್ಟಿದರು, ನಾನು ಎಳೆದೆ. ಕರು ಸತ್ತಿತ್ತು. ಅದರ ಕೂದಲು ಕೈಗೆ ಕಿತ್ತು ಬರುತ್ತಿತ್ತು, ವಾಸನೆ ಬಂದಿತ್ತು. ಹಿಂದಿನ ದಿನವೇ ಹೊಟ್ಟೆಯಲ್ಲಿ ಸತ್ತಿದೆ ಎಂದು ಆಕೆಗೆ ಬಿಡಿಸಿ ಹೇಳಿದರು. ಹಸುವಿಗೆ ಬಾಟಲಿ ಏರಿಸಿ, ಕತ್ತಲಾಗುವ ಮುಂಚೆ ಅದು ಎದ್ದು ನೀರು ಕುಡಿಯುವವರೆಗೆ ಅಲ್ಲೇ ಕೂತರು. ಆಕೆ ನಮಗೆ ಬೆಲ್ಲದ ಕಾಫಿ ಮಾಡಿ ಕೊಟ್ಟಳು. ಒಂದು ಮಾತೂ ಬೇಸರದ್ದು ಆಡಲಿಲ್ಲ.

ಆಡಿದವನು ಆಕೆಯ ಮೈದುನ. ಆ ಬಸ್ಸಿನ ಕಿಟಕಿಯಲ್ಲಿ ಇದ್ದವನು ಅವನೇ. ದನ ಸಾಯುತ್ತಿರುವಾಗ ಡಾಕ್ಟರು ದಾರಿಯಲ್ಲಿ ಗಾಡಿ ರಿಪೇರಿ ಮಾಡುತ್ತ ಕೂತಿದ್ದರು, ಅದಕ್ಕೇ ಕರು ಹೋಯಿತು ಎಂದು ಮೇಲಿನ ಕಚೇರಿಗೆ ದೂರು ಕೊಟ್ಟ. ನೋಟಿಸ್ ಬಂತು. ನಾನು ಅನುಭವಸ್ಥ, ಇಂಥದ್ದನ್ನು ನೋಡಿದವನು. ಪಂಕ್ಚರ್ ಆಗಿತ್ತು ಎಂದು ಬರೆಯಿರಿ, ಅಲ್ಲಿಗೆ ಮುಗಿಯಿತು ಎಂದೆ.

“ಪಂಕ್ಚರ್ ಆಗಿರ್ಲಿಲ್ವಲ್ಲ” ಎಂದರು.

ಹಿಂದೆ ಕೂರುವವರ ತೂಕಕ್ಕೆ ತಕ್ಕಂತೆ ಸ್ಪ್ರಿಂಗ್ ಹೊಂದಿಸುತ್ತಿದ್ದೆ, ಹಾಗೆ ಮಾಡದೆ ಹೋದಾಗ ಒಮ್ಮೆ ಬಿದ್ದಿದ್ದೇವೆ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದರು. ಅದನ್ನು ಓದಿದವರು ನಕ್ಕಿರಬೇಕು. ವಿಚಾರಣೆಗೆ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದರು. ಸುದ್ದಿ ಹೇಗೋ ತಿಳಿದು ಆ ವಿಧವೆ ಬಸ್ಸು ಹಿಡಿದು ಆಸ್ಪತ್ರೆಗೆ ಬಂದು ಬಾಗಿಲಲ್ಲಿ ನಿಂತಳು. ಮೈದುನ ಮನೆಯಲ್ಲಿ ಕೂಗಾಡುತ್ತಾನೆಂದು ಗೊತ್ತಿದ್ದೂ ಬಂದಿದ್ದಳು.

“ಕರ ಮುಂಚೇನೇ ಸತ್ತಿತ್ತು ಸ್ವಾಮಿ. ಈ ಅಮ್ಮ ಬರ್ದೇ ಇದ್ರೆ ದನಾನೂ ಇರ್ತಿರ್ಲಿಲ್ಲ. ನಾ ಬೇಕಾದ್ರೆ ಎಲ್ ಬಂದಾದ್ರೂ ಹೇಳ್ತೀನಿ” ಎಂದಳು.

ಅಧಿಕಾರಿ ಅವಳಿಗೆ ಕೂರಲು ಹೇಳಿ, ಡಾಕ್ಟ್ರಮ್ಮನ ಕಡೆ ತಿರುಗಿ, ನೀವು ದಾರಿಯಲ್ಲಿ ನಿಲ್ಲಿಸಿದ್ದು ಹೌದೋ ಅಲ್ಲವೋ ಅಷ್ಟು ಹೇಳಿ ಎಂದರು. ಹೌದು ಎಂದರು ಇವರು. ಅಷ್ಟೇ ವಿಚಾರಣೆ. ಕರು ಯಾವಾಗ ಸತ್ತಿತು ಎಂಬುದು ಅವರ ಪ್ರಶ್ನೆಯಲ್ಲಿ ಇರಲೇ ಇಲ್ಲ. ಎಚ್ಚರಿಕೆ ಪತ್ರ ಬಂತು. ನನಗೆ ಅಧಿಕಾರಿಯ ಮೇಲೆ ಎಷ್ಟು ಕೋಪವಿತ್ತೋ ಇವರ ಮೇಲೂ ಅಷ್ಟೇ ಇತ್ತು. ಒಂದು ಸಣ್ಣ ಸುಳ್ಳು ಹೇಳಲು ಏನು ಕಷ್ಟ?

ಡಾಕ್ಟ್ರಮ್ಮ ಸಿಟ್ಟಾದದ್ದನ್ನು ನಾನು ಒಮ್ಮೆ ಮಾತ್ರ ನೋಡಿದ್ದು ಆ ಪತ್ರ ಬಂದ ವಾರವೇ. ಆದರೆ ಸಿಟ್ಟು ತಿರುಗಿದ್ದು ಕಚೇರಿಯ ಮೇಲಲ್ಲ, ಸಾಗರದ ವರ್ಕ್‌ಶಾಪಿನ ಮೇಲೆ. ಸಾಗರದಲ್ಲಿ ಒಂದು ಮೀಟಿಂಗಿತ್ತು, ಸರ್ವೀಸಿಗೆ ಬಿಟ್ಟ ಬೈಕನ್ನು ತರಬೇಕಿತ್ತು. ನನ್ನ ಸ್ಕೂಟರಿನಲ್ಲಿ ಹೋದೆವು. ಬಳೆ ಎಂದಿನಂತೆ ನಡು ಕಚ್ಚಿನಲ್ಲಿತ್ತು. ಡಾಕ್ಟ್ರಮ್ಮ ಅದನ್ನು ನೋಡಿದರು. ಮೀಟಿಂಗಿಗೆಂದು ಹಾಕಿಕೊಂಡಿದ್ದ ಒಳ್ಳೆಯ ಚೂಡಿದಾರದಲ್ಲೇ ಎಣ್ಣೆ ಮೆತ್ತಿದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಮೆದು ಸ್ಪ್ರಿಂಗ್ ಹಾಕಿಕೊಡುವವರೆಗೆ ಏಳುವುದಿಲ್ಲ ಎಂದರು. ದನಿ ಏರಿಸಲಿಲ್ಲ. ಗಾಡಿ ಬಿಡಲು ಬಂದವರೆಲ್ಲ ನಿಂತು ನೋಡತೊಡಗಿದರು. ಮಾಲೀಕ ಬಂದು ಸಮಾಧಾನ ಹೇಳಿದ, ಕುರ್ಚಿ ತರಿಸಿದ, ಟೀ ತರಿಸಿದ. ಇವರು ಕುರ್ಚಿಗೂ ಏಳಲಿಲ್ಲ, ಟೀಯೂ ಮುಟ್ಟಲಿಲ್ಲ. ನನಗೆ ನಾಚಿಕೆಯಾಗಿ ಹೊರಗೆ ಹೋಗಿ ನಿಂತೆ.

ಕೊನೆಗೆ ಮಾಲೀಕನೇ ಒಳಗಿನಿಂದ ಸಣ್ಣ ಬೈಕೊಂದರ ಸ್ಪ್ರಿಂಗ್ ಜೋಡಿ ಹುಡುಕಿ ತಂದ. ಅಳತೆ ಕೂರುತ್ತದೋ ಇಲ್ಲವೋ ಎಂದು ಗೊಣಗುತ್ತಲೇ ಹಾಕಿದ, ಕೂತಿತು. ಇನ್ನು ಮೇಲೆ ಹಿಂದೆ ದಪ್ಪ ಜನ ಕೂರುವ ಹಾಗಿಲ್ಲ ಎಂದು ನನ್ನ ಕಡೆ ನೋಡಿ ಹೇಳಿದ. ಇಷ್ಟು ವರ್ಷ ಬರುವುದಿಲ್ಲ ಎಂದದ್ದು ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿದುಹೋಯಿತು. ಅದನ್ನು ನೆನೆದರೆ ನನಗೆ ಈಗಲೂ ಆ ಮಾಲೀಕನನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸುತ್ತದೆ.

ಮೀಟಿಂಗ್ ಮುಗಿಸಿ ವಾಪಸು ಬರುವಾಗ ಅವರು ಮುಂದೆ, ನಾನು ಸ್ಕೂಟರಿನಲ್ಲಿ ಹಿಂದೆ. ಬೈಕು ಉಬ್ಬು ತಗ್ಗುಗಳ ಮೇಲೆ ನೀರಿನ ಮೇಲೆ ಹೋದಂತೆ ಹೋಗುತ್ತಿತ್ತು. ಅವರ ಬೆನ್ನು ಅಷ್ಟು ಸಡಿಲವಾಗಿ ಇದ್ದದ್ದನ್ನು ನಾನು ಆವರೆಗೆ ನೋಡಿರಲಿಲ್ಲ. ಆನಂದಪುರದಲ್ಲಿ ರೈಲ್ವೆ ಗೇಟು ಹಾಕಿತ್ತು. ನಿಂತರು. ಎರಡೂ ಪಾದ, ತುದಿಬೆರಳಲ್ಲ, ಹಿಮ್ಮಡಿ ಸಹಿತ ಪೂರ್ತಿ ಪಾದ ನೆಲದ ಮೇಲಿತ್ತು. ಅವರು ಬಗ್ಗಿ ಒಂದು ಕಾಲು ನೋಡಿಕೊಂಡರು, ಇನ್ನೊಂದು ಕಾಲು ನೋಡಿಕೊಂಡರು. ರೈಲು ಹೋಯಿತು, ಗೇಟು ತೆರೆಯಿತು, ಹಿಂದಿನ ಲಾರಿ ಹಾರ್ನ್ ಹೊಡೆಯಿತು. ಆದರೂ ಒಂದು ಕ್ಷಣ ಹಾಗೇ ನಿಂತಿದ್ದರು.

ವರ್ಗಾವಣೆ ಆದೇಶ ಬಂದದ್ದು ಅದರ ಹಿಂದೆಯೇ. ತೀರ್ಥಹಳ್ಳಿಗೆ, ಕಚೇರಿ ಕೆಲಸಕ್ಕೆ. ವರದಿ ಒಟ್ಟುಗೂಡಿಸುವುದು, ಮೇಲಕ್ಕೆ ಕಳಿಸುವುದು. ಹಳ್ಳಿಗೆ ಹೋಗುವ ಹಾಗಿಲ್ಲ, ದನ ಮುಟ್ಟುವ ಹಾಗಿಲ್ಲ. ಗಾಡಿ ಮೈಗೆ ಹೊಂದಿದ ಮೇಲೆ ಗಾಡಿಯ ಕೆಲಸವೇ ಇಲ್ಲವಾಯಿತು. ಯಾರಿಗೆ ಹೋಗಿ ಹೇಳುವುದು ಇದನ್ನು? ನಾನು ತಿಳಿದವರ ಬಳಿ ಹೇಳಿದೆ. ಎಲ್ಲರೂ, ಒಳ್ಳೆಯದೇ ಆಯಿತಲ್ಲ, ಹೆಂಗಸರಿಗೆ ನೆರಳಿನ ಕೆಲಸ ಎಂದರು. ನಮ್ಮಲ್ಲಿಗೆ ಬಂದ ಹೊಸ ಡಾಕ್ಟರಿಗೆ ಕಾರಿತ್ತು. ಕಾರು ಹೋಗುವ ಊರುಗಳಿಗೆ ಅವರು ಹೋಗುತ್ತಿದ್ದರು.

ಡಾಕ್ಟ್ರಮ್ಮ ತೀರ್ಥಹಳ್ಳಿಯಿಂದಲೂ ಆಗಾಗ ಫೋನ್ ಮಾಡುತ್ತಿದ್ದರು. ಕಚೇರಿಯ ಸುದ್ದಿ ಹೇಳುತ್ತಿರಲಿಲ್ಲ. ಯಾವ ಊರಿನ ಯಾವ ದನ ಹೇಗಿದೆ, ನಿಟ್ಟೂರಿನ ಆ ಮನೆಯ ಎಮ್ಮೆ ಗಬ್ಬ ನಿಂತಿತೇ ಎಂದು ಕೇಳುತ್ತಿದ್ದರು. ನಾನು ಗೊಣಗಿಕೊಂಡು ಉತ್ತರ ಕೊಡುತ್ತಿದ್ದೆ. ಆ ನೆರಳಿನ ಕುರ್ಚಿಯಲ್ಲಿ ಅವರಿಗೆ ಉಸಿರು ಕಟ್ಟುತ್ತಿದೆ ಎಂದು ಗೊತ್ತಾಗುತ್ತಿತ್ತು, ನಾನು ಮಾಡುವಂಥದ್ದು ಏನೂ ಇರಲಿಲ್ಲ.

ಒಂದು ಮಧ್ಯಾಹ್ನ ಅವರ ಕಚೇರಿಗೆ ಆಗುಂಬೆ ಕಡೆಯ ಮನೆಯೊಂದರಿಂದ ಫೋನು ಬಂದಿದೆ. ಹಸುವಿಗೆ ನೋವು ಶುರುವಾಗಿ ಬಹಳ ಹೊತ್ತಾಗಿದೆ, ಆ ಭಾಗದ ಡಾಕ್ಟರು ರಜೆಯಲ್ಲಿ, ಇನ್ನೊಬ್ಬರು ಫೋನ್ ಎತ್ತುತ್ತಿಲ್ಲ. ಬೇರೆ ಯಾರಾದರೂ ಸಿಗುತ್ತಾರಾ ಎಂದು ಆ ಮನೆಯವರು ಕೇಳಿದ್ದಷ್ಟೇ. ಇವರು ತೆರೆದಿದ್ದ ಫೈಲು ಮುಚ್ಚಿ, ಬೀರುವಿನಲ್ಲಿದ್ದ ತಮ್ಮ ಹಳೆಯ ಪೆಟ್ಟಿಗೆ ತೆಗೆದು, ಯಾರಿಗೂ ಹೇಳದೆ ಬೈಕು ಹತ್ತಿದರು. ವಾಪಸು ಬರುವಾಗ ಕಚೇರಿ ಮುಚ್ಚಿತ್ತು.

ಅನುಮತಿಯಿಲ್ಲದೆ ಕೆಲಸದ ಸ್ಥಳ ಬಿಟ್ಟದ್ದಕ್ಕೆ ಮತ್ತೆ ನೋಟಿಸ್. ಹೌದು, ಬಿಟ್ಟು ಹೋಗಿದ್ದೆ ಎಂದು ಉತ್ತರ. ಮತ್ತೆ ಎಚ್ಚರಿಕೆ ಪತ್ರ. ಇಷ್ಟನ್ನೂ ಅವರು ಫೋನಿನಲ್ಲಿ ಬೇರೆ ಯಾರದೋ ವಿಷಯವೆಂಬಂತೆ ಹೇಳಿದಾಗ ನಾನು ರೇಗಿಬಿಟ್ಟೆ. ಹೊಟ್ಟೆನೋವು ಬಂದಿತ್ತು, ಮನೆಗೆ ಹೋಗಿದ್ದೆ ಎನ್ನಬಹುದಿತ್ತು. ಮೇಲಿನವರಿಗೆ ಒಂದು ಫೋನ್ ಮಾಡಿ ಹೊರಡಬಹುದಿತ್ತು. ನಿವೃತ್ತಿ ಹತ್ತಿರ ಇರುವಾಗ ಇದೆಲ್ಲ ಬೇಕಿತ್ತೇ ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಬೈದು ಬೈದು ನನಗೇ ಸಾಕಾಗಿ, ಕಡೆಗೆ ಕರು ಏನಾಯಿತು ಎಂದು ಕೇಳಿದೆ.

ಅಷ್ಟು ದಿನದಲ್ಲಿ ಅದನ್ನು ಕೇಳಿದವರು ಬೇರೆ ಯಾರೂ ಇರಲಿಲ್ಲವೆಂದು ಕಾಣುತ್ತದೆ. ಅವರ ದನಿಯೇ ಬದಲಾಯಿತು. ಮುಂಗಾಲು ಎರಡೂ ಒಳಗೆ ಮಡಚಿಕೊಂಡಿದ್ದದ್ದು, ಒಂದೊಂದನ್ನೇ ಗೊರಸು ಅಂಗೈಯಲ್ಲಿ ಮುಚ್ಚಿಕೊಂಡು ಬಿಡಿಸಿ ತಂದದ್ದು, ಹೊರಗೆ ಬಿದ್ದ ಮೇಲೆ ಉಸಿರಿಲ್ಲದೆ ಮಲಗಿದ್ದದ್ದು, ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿದಾಗ ಒಂದು ಸಲ ಸೀನಿ ಕಣ್ಣು ಬಿಟ್ಟದ್ದು, ಎಲ್ಲವನ್ನೂ ಹೇಳಿದರು. ಅವರು ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ಹೆಣ್ಣು ಕರು ಇನ್ಸ್‌ಪೆಕ್ಟ್ರೇ” ಎಂದರು. “ನಾನು ಕೈ ತೊಳ್ಕೊಂಡು ಬರೋದ್ರೊಳಗೆ ಎದ್ದು ನಿಂತಿತ್ತು.”